ರುಸ್ತಮನ ಹೆಸರಿಗೆ ಸಕ್ಕರೆ

ಜನ ಹೊಳೆಯ ಮೇಲೆ ನಡೆದು ಹೋಗುತ್ತಿದ್ದರು. ದೋಣಿಯಲ್ಲಲ್ಲ, ಸೇತುವೆಯ ಮೇಲೂ ಅಲ್ಲ. ನೀರಿನ ಮೇಲೆ, ಬೂಟುಗಾಲಲ್ಲಿ, ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದುಕೊಂಡು. ನಡುಹೊಳೆಯಲ್ಲಿ ಒಬ್ಬ ಮುದುಕ ಸ್ಟೂಲು ಹಾಕಿ ಕೂತು, ಕಾಲ ಬುಡದಲ್ಲಿ ತೂತು ಕೊರೆದು ಮೀನು ಹಿಡಿಯುತ್ತಿದ್ದ. ನಾನು ಲೆನಿನ್‌ಗ್ರಾದಿಗೆ ಬಂದು ಮೂರು ತಿಂಗಳಾಗಿತ್ತು. ಬೇಸಿಗೆಯಲ್ಲಿ ದೇವಸುಗೂರಿನ ಹತ್ತಿರ ಕೃಷ್ಣೆಯ ನಡುವೆ ನಾವೂ ನಡೆದಾಡಿದವರೇ. ಆದರೆ ಅದು ನೀರು ಹೋಗಿ ಬಂಡೆ, ಮರಳು ಉಳಿದ ಮೇಲೆ. ಇಲ್ಲಿ ನೀರು ಎಲ್ಲಿಗೂ ಹೋಗಿರಲಿಲ್ಲ. ಮೇಲೊಂದು ಚಿಪ್ಪು ಕಟ್ಟಿತ್ತು, ಅಡಿಯಲ್ಲಿ ನೇವಾ ನದಿ ತನ್ನ ಪಾಡಿಗೆ ಹರಿಯುತ್ತಲೇ ಇತ್ತು.

ಸೇತುವೆಯ ಕಂಬಿ ಹಿಡಿದು ನಾನು ಬಾಯಿ ಬಿಟ್ಟು ನೋಡುತ್ತಿದ್ದರೆ, ಪಕ್ಕದಲ್ಲಿದ್ದ ಅನ್ವರ್ ಬೇರೆ ಕಡೆ ಮುಖ ತಿರುಗಿಸಿ ನಿಂತಿದ್ದ. ಅನ್ವರ್ ನನ್ನ ಕೋಣೆಯ ಜೊತೆಗಾರ, ಸಮರಕಂದದ ಕಡೆಯ ಉಜ್ಬೇಕ್ ಹುಡುಗ. ‘ನಾವೂ ಇಳಿಯೋಣವೇ?’ ಎಂದೆ.

‘ರುಸ್ತಮ್ ಹೀಗೇ ಇಳಿದ’ ಎಂದ.

‘ಯಾರು ರುಸ್ತಮ್?’

‘ನೀನು ಮಲಗುತ್ತೀಯಲ್ಲ, ಆ ಮಂಚದವನು.’

ಹಿಂದಿನ ಚಳಿಗಾಲ ಮುಗಿಯುವ ಹೊತ್ತಿಗೆ ಮಂಜುಗಡ್ಡೆ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿತ್ತಂತೆ. ಈ ಊರಲ್ಲಿ ಹುಟ್ಟಿದವರು ಅದರ ಬಣ್ಣ ನೋಡಿಯೇ ದೂರ ಸರಿಯುತ್ತಾರೆ. ಅನ್ವರನ ಊರಿನವನೇ ಆದ ರುಸ್ತಮನದು ನಮ್ಮೂರಿನ ಹಾಗೆ ಬಿಸಿಲಿನ ಊರು. ಅವನಿಗೆ ಮಂಜಿನ ಬಣ್ಣ ತಿಳಿಯಲಿಲ್ಲ. ಅಂದು ಕೋಣೆಗೆ ಬಂದವನೇ ನನ್ನ ಮಂಚದ ಕೆಳಗಿನ ಚಪ್ಪಲಿಗಳನ್ನು ನೋಡಿದೆ. ಬಂದ ದಿನದಿಂದ ಅವನ್ನೇ ಮೆಟ್ಟಿಕೊಂಡು ತಿರುಗುತ್ತಿದ್ದೆ. ಹಾಸಿಗೆ ದಿಂಬಿನ ಜೊತೆಗೆ ಹಾಸ್ಟೆಲಿನವರೇ ಕೊಟ್ಟದ್ದು ಎಂದುಕೊಂಡಿದ್ದೆ. ನನ್ನ ಕಾಲಿಗೆ ಅಳತೆ ಕೊಟ್ಟು ಹೊಲಿಸಿದಂತಿದ್ದವು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ನಾನು ಮಾನ್ವಿಯವನು, ಹೆಸರು ಖಾಜಾ. ಅಬ್ಬಾನದು ಬಜಾರಿನಲ್ಲಿ ಬಳೆ ಅಂಗಡಿ. ರಾಯಚೂರಿನಲ್ಲಿ ಬಿ.ಎಸ್ಸಿ., ಗುಲ್ಬರ್ಗಾದಲ್ಲಿ ಎಂ.ಎಸ್ಸಿ. ಮುಗಿಸಿ, ದೇವದುರ್ಗದ ಕಾಲೇಜಿನಲ್ಲಿ ಒಂದು ವರ್ಷ ಪಾಠ ಹೇಳಿದೆ. ಆಗ ಸೋವಿಯೆತ್ ದೇಶದ ವಿದ್ಯಾರ್ಥಿವೇತನ ಸಿಕ್ಕಿತು. ವಿಷಯ ಉಷ್ಣವಿದ್ಯುತ್. ಕೆಲವು ವಸ್ತುಗಳ ತುಂಡಿಗೆ ಒಂದು ತುದಿಯಲ್ಲಿ ಬಿಸಿ, ಇನ್ನೊಂದು ತುದಿಯಲ್ಲಿ ತಂಪು ತಾಗಿಸಿದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ರಷ್ಯನ್ನರು ಹಿಂದೆಯೇ ಕಂದೀಲಿನ ಬಿಸಿಯಿಂದ ರೇಡಿಯೋ ನುಡಿಸಿದ್ದರು. ಇದನ್ನು ಹೇಳಿದಾಗ ಅಮ್ಮಾ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದಳು. ಮನೆಯಲ್ಲಿ ನಾವಾಡುವುದು ದಖ್ಖನಿ. ಓದುವವರಿಗೆ ತೊಡಕಾಗದಿರಲೆಂದು ಅವಳ ಮಾತನ್ನು ನಮ್ಮೂರ ಕನ್ನಡದಲ್ಲಿಯೇ ಬರೆಯುತ್ತೇನೆ. ‘ಕಂದೀಲಿನ ಬಿಸಿಗೆ ರೇಡ್ಯೋ ಹಾಡ್ತದಂದ್ರ, ನಮ್ಮ ರಾಯಚೂರ ಬಿಸಲಾಗ ಕಲ್ಲು ಸುದ್ದಾ ಹಾಡಬೇಕಾಗಿತ್ತಲ್ಲೋ’ ಎಂದಿದ್ದಳು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಇಲ್ಲಿಯ ಪ್ರೊಫೆಸರುಗಳೂ ಕೇಳಿಲ್ಲ.

ಉತ್ತರ ಹೀಗೆ: ಬಿಸಿಯೊಂದೇ ಸಾಲದು, ಪಕ್ಕದಲ್ಲಿ ತಂಪೂ ಬೇಕು. ಅದರ ಮೇಲೆ, ಆ ತುಂಡು ಕರೆಂಟನ್ನು ಹೋಗಗೊಡಬೇಕು, ಬಿಸಿಯನ್ನು ತಡೆಯಬೇಕು. ಹೆಚ್ಚಿನ ಲೋಹಗಳು ಎರಡನ್ನೂ ಬಿಟ್ಟುಬಿಡುತ್ತವೆ. ಒಂದನ್ನು ಬಿಟ್ಟು ಒಂದನ್ನು ಹಿಡಿಯುವ ವಸ್ತುವಿಗಾಗಿ ಬಿಸ್ಮತ್ತು, ಟೆಲ್ಯೂರಿಯಂಗಳನ್ನು ಗಾಜಿನ ನಳಿಗೆಯಲ್ಲಿ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ, ದಿನಗಟ್ಟಲೆ ಕಾದು ಆರಿಸಿ ಗಟ್ಟಿ ಮಾಡುತ್ತಾರೆ. ಆ ಗಟ್ಟಿಗೆ ಸ್ಲೀತಕ್ ಎನ್ನುತ್ತಾರೆ. ಆರಿಸುವಾಗ ಅವಸರ ಮಾಡಿದರೆ ಸ್ಲೀತಕ್ ಸೀಳಿಹೋಗುತ್ತದೆ. ನಮ್ಮ ಕೆಲಸದ ಮುಕ್ಕಾಲು ಪಾಲು ಸುಮ್ಮನೆ ಕಾಯುವುದೇ.

ಕಾಯುವುದನ್ನು ನಾನು ಬೇರೆ ಕಡೆಯೂ ಕಲಿತೆ. ಇಲ್ಲಿ ಎಲ್ಲದಕ್ಕೂ ಸರದಿ. ಬ್ರೆಡ್ಡಿಗೆ ಸರದಿ, ಸಾಬೂನಿಗೆ ಸರದಿ; ಕೆಲವು ಸಲ ಮುಂದೆ ಏನು ಕೊಡುತ್ತಿದ್ದಾರೆಂದು ತಿಳಿಯದೆಯೂ ಸರದಿ. ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯೊಳಗಿಂದ ಟವೆಲ್ಲು ಎಸೆದು ಸೀಟು ಹಿಡಿದವನಿಗೆ ಇದೊಂದು ಶಿಕ್ಷೆ. ಇವರ ಕರಿ ಬ್ರೆಡ್ಡು ಹುಳಿ. ಅಮ್ಮಾ ಕಟ್ಟಿಕೊಟ್ಟ ಖಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮುಗಿಯುವವರೆಗೂ ನಾನು ಅದಕ್ಕೆ ಮೂಗು ಮುರಿದೆ. ಮುಗಿದ ಮೇಲೆ ಹೊಟ್ಟೆ ತಾಳ ಹಾಕಿತು, ಮೂಗು ನೆಟ್ಟಗಾಯಿತು. ಗ್ರೇಚ್ಕಾ ಎಂಬ ಕಂದು ಕಾಳಿನ ಅನ್ನವಂತೂ ನಮ್ಮ ನವಣಕ್ಕಿಯ ದೂರದ ನೆಂಟ. ಭಾಷೆ ಮಾತ್ರ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಪ್ರಯೋಗಾಲಯದ ಬಾಗಿಲಲ್ಲಿ ಕೋಟುಗಳನ್ನು ತೆಗೆದಿಡುವ ಅಜ್ಜಿಯೊಬ್ಬಳಿದ್ದಳು. ದಿನಾ ನನ್ನನ್ನು ಬೈಯುತ್ತಿದ್ದಳು, ಯಾಕೆಂದು ತಿಳಿಯುತ್ತಿರಲಿಲ್ಲ. ಟೊಪ್ಪಿಗೆ ಇಲ್ಲದೆ ಬರುತ್ತೀಯಲ್ಲ, ಕಿವಿ ಉದುರಿಹೋಗುತ್ತವೆ ಎಂಬುದು ಅವಳ ತಕರಾರು. ಅದು ಅರ್ಥವಾದ ದಿನ ‘ಉದುರಿದರೆ ಹೆಕ್ಕಿ ಇಟ್ಟಿರು ಅಜ್ಜಿ, ಸಾಯಂಕಾಲ ಒಯ್ಯುತ್ತೇನೆ’ ಎಂದು ಮುರುಕು ರಷ್ಯನ್ನಿನಲ್ಲಿ ಹೇಳಿದೆ. ಅವಳು ಕಣ್ಣೀರು ಬರುವಷ್ಟು ನಕ್ಕಳು. ನನಗೆ ಇಡೀ ಊರು ಗೆದ್ದಷ್ಟು ಸಂತೋಷವಾಯಿತು.

ಅನ್ವರನ ಜೊತೆ ಮಾತ್ರ ಬೇರೆ ಬಗೆಯ ಸಲಿಗೆ. ಅವನ ಉಜ್ಬೇಕಿನಲ್ಲಿ ಈರುಳ್ಳಿಗೆ ಪಿಯೋಜ್, ಪುಸ್ತಕಕ್ಕೆ ಕಿತೋಬ್, ಆಕಾಶಕ್ಕೆ ಓಸ್ಮೋನ್, ಗೆಳೆಯನಿಗೆ ದೋಸ್ತ್. ನಮ್ಮ ದಖ್ಖನಿಯ ಶಬ್ದಗಳೇ ದೂರದೂರಿಗೆ ಮದುವೆಯಾಗಿ ಹೋಗಿ ಅಲ್ಲಿಯ ಸೆರಗು ಹೊದ್ದಂತೆ ಕೇಳುತ್ತಿದ್ದವು. ಆದರೆ ರುಸ್ತಮನ ಬಗ್ಗೆ ಕೇಳಿದರೆ ಅನ್ವರನದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಚಹಾ ಮಾಡುವಾಗ ಮಾತ್ರ ಮರೆವಿನಿಂದ ಮೂರು ಬಟ್ಟಲು ಇಡುತ್ತಿದ್ದ. ಮೂರನೆಯದನ್ನು ತೆಗೆಯಲು ಅವನಿಗೂ ಕೈ ಬರುತ್ತಿರಲಿಲ್ಲ, ನನಗೂ. ಅದು ಅಲ್ಲೇ ಆರುತ್ತಿತ್ತು.

ಪ್ರಯೋಗಾಲಯದಲ್ಲೂ ನನಗೆ ಸಿಕ್ಕಿದ್ದು ರುಸ್ತಮನ ಮೇಜೇ. ಕುಲುಮೆ ಅವನು ಕಟ್ಟಿದ್ದು. ಕಪಾಟಿನಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ಸ್ಲೀತಕ್‌ಗಳು ಅವನು ಮಾಡಿ, ಅಳೆಯದೆ ಬಿಟ್ಟು ಹೋದವು. ನಮ್ಮ ಮೇಲ್ವಿಚಾರಕಿ ನೀನಾ ಪಾವ್ಲೋವ್ನಾ ಅವನ್ನು ನನ್ನ ಮುಂದೆ ತಂದಿಟ್ಟು ‘ಇಲ್ಲಿಂದ ಶುರು ಮಾಡು’ ಎಂದರು. ಇಲ್ಲಿ ದೊಡ್ಡವರನ್ನು ಹೆಸರಿನ ಜೊತೆಗೆ ತಂದೆಯ ಹೆಸರು ಸೇರಿಸಿ ಕರೆಯಬೇಕು. ನಾವು ‘ರೀ’ ಹಚ್ಚಿದ ಹಾಗೆ. ಸಣಕಲು ಹೆಂಗಸು, ಬಿಳಿಗೂದಲು, ಬೇಡದ ಒಂದು ಮಾತೂ ಆಡದವರು. ನಾನು ಒಂದೊಂದೇ ಸ್ಲೀತಕ್ ಬಿಚ್ಚಿ, ಕೊಯ್ದು, ತುದಿಗೆ ತಂತಿ ಬೆಸೆದು ಅಳೆಯತೊಡಗಿದೆ. ಸತ್ತವನ ಕೈಕೆಲಸದ ಮೇಲೆ ಕೈಯಿಡುವಾಗೆಲ್ಲ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನಿಸುತ್ತಿತ್ತು. ಕುಲುಮೆಯ ಎದುರು ಕೂತಿದ್ದರೂ ಬೆನ್ನು ತಣ್ಣಗೆ. ನಿದ್ದೆ ಹತ್ತಿದರೆ ಕನಸು. ಅವನು ನಮ್ಮ ಮಾನ್ವಿ ಕಡೆಯ ಕಾಲುವೆ ಏರಿಯ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತಿರುತ್ತಿದ್ದ. ಮುಖವಿರುತ್ತಿರಲಿಲ್ಲ. ನಾನು ಅವನನ್ನು ನೋಡಿದ್ದರೆ ತಾನೆ. ಏನೂ ಕೇಳುತ್ತಿರಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು.

ಎರಡನೆಯ ವರ್ಷದ ವಸಂತದಲ್ಲಿ ಅವನ ಸ್ಲೀತಕ್‌ಗಳಲ್ಲೊಂದು ನಮ್ಮನ್ನೆಲ್ಲ ಬೆಚ್ಚಿ ಬೀಳಿಸಿತು. ಕರೆಂಟನ್ನು ಬಿಟ್ಟು ಬಿಸಿಯನ್ನು ಹಿಡಿಯುವುದರಲ್ಲಿ ಆ ಪ್ರಯೋಗಾಲಯದ ಬೇರೆ ಯಾವ ತುಂಡೂ ಅದರ ಹತ್ತಿರ ಬರಲಿಲ್ಲ. ಮತ್ತೆ ಮತ್ತೆ ಅಳೆದೆ. ಅವನ ರೀತಿಯಲ್ಲೇ ಹೊಸದನ್ನು ಮಾಡಿ ನೋಡಿದೆ. ಅದೂ ಹಾಗೇ ಬಂತು. ಉಷ್ಣವಿದ್ಯುತ್ತಿನಲ್ಲಿ ದುಡಿಯುವ ಅಸ್ಪಿರಾಂತರಿಗೆ, ಎಂದರೆ ಸಂಶೋಧನಾ ವಿದ್ಯಾರ್ಥಿಗಳಿಗೆ, ವರ್ಷಕ್ಕೊಮ್ಮೆ ಬಹುಮಾನ ಕೊಡುತ್ತಿದ್ದರು. ತುಂಬಿದ ಸಭೆಯಲ್ಲಿ ಹೆಸರು ಕೂಗಿ, ಕೆಂಪು ರಟ್ಟಿನ ಪ್ರಶಸ್ತಿಪತ್ರ ಕೈಗಿಡುತ್ತಿದ್ದರು. ಈ ಸಲ ಅದು ನಿನಗೇ ಬರುತ್ತದೆ ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು.

ಅಂದು ಅನ್ವರ್ ಮೊದಲ ಸಲ ಬಾಯಿ ಬಿಟ್ಟ. ರುಸ್ತಮನಿಗೆ ತಾಯಿ ಮಾತ್ರ ಇದ್ದಳು. ಪ್ರತಿ ಬೇಸಿಗೆ ಅನ್ವರ್ ಊರಿಗೆ ಹೋದಾಗ ಅವಳು ಕೇಳುವುದು ಒಂದೇ ಮಾತು: ನನ್ನ ಮಗ ಅಷ್ಟು ದೂರ ಹೋಗಿ ಏನು ಮಾಡಿದ? ‘ಮುಳುಗಿದ ಅನ್ನುವುದನ್ನು ಬಿಟ್ಟು ಹೇಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ’ ಎಂದ. ‘ಸಭೆಯಲ್ಲಿ ಅವನ ಹೆಸರು ಒಂದು ಸಲ ಕೂಗಿದರು ಅಂತ ಹೇಳಲಿಕ್ಕಾದರೂ ಸಿಕ್ಕರೆ ಸಾಕು.’

ನಾನು ನೀನಾ ಪಾವ್ಲೋವ್ನಾರ ಹತ್ತಿರ ಹೋಗಿ, ಅರ್ಜಿಯಲ್ಲಿ ಎರಡು ಹೆಸರು ಬರೆಯೋಣ ಎಂದೆ.

‘ಬಹುಮಾನ ಈಗ ಓದುತ್ತಿರುವವರಿಗೆ’ ಎಂದರು. ‘ಎರಡು ಹೆಸರು ಬರೆದರೆ ಸಮಿತಿ ತೆರೆದೂ ನೋಡುವುದಿಲ್ಲ. ಅವನ ಕೆಲಸವೂ ಹೋಯಿತು, ನಿನ್ನದೂ ಹೋಯಿತು.’

‘ಆದರೆ ಮಾಡಿದವನು ಅವನು.’

‘ಖಾಜಾ, ಈ ಊರಲ್ಲಿ ಸತ್ತವರ ಹೆಸರು ಹೇಳಲು ಶುರು ಮಾಡಿದರೆ ಯಾವ ಸಭೆಯೂ ಮುಗಿಯುವುದಿಲ್ಲ’ ಎಂದು ಕನ್ನಡಕ ಹಾಕಿಕೊಂಡು ತಮ್ಮ ಕೆಲಸಕ್ಕೆ ಹೊರಳಿದರು. ಕಲ್ಲೆದೆಯ ಹೆಂಗಸು ಎಂದು ಸಿಟ್ಟು ಬಂತು. ಅರ್ಜಿ ನನ್ನೊಬ್ಬನ ಹೆಸರಲ್ಲೇ ಹೋಯಿತು.

ಆ ಬೇಸಿಗೆ ಊರಿಗೆ ಬಂದೆ. ರಾಯಚೂರು ಸ್ಟೇಷನ್ನಿನಲ್ಲಿ ಇಳಿದಾಗ ಧಗೆ ಮುಖಕ್ಕೆ ಬಡಿಯಿತು. ಮಳೆಗಾಲವಂತೆ, ನಮ್ಮಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಇನ್ನೂ ಬೇಸಿಗೆ. ಮಾನ್ವಿ ಬಸ್ಸಿನ ಕಿಟಕಿಯಲ್ಲಿ ಕರಿನೆಲ ನೋಡುತ್ತ ನನ್ನ ಊರು ಎಂದುಕೊಂಡೆ. ಆದರೆ ಕನಸು ಅಲ್ಲಿಗೂ ಬಂತು. ಕಾಲುವೆ ಏರಿ ಹತ್ತಿರವೇ ಇತ್ತಲ್ಲ, ಅವನಿಗೆ ಇನ್ನೂ ಅನುಕೂಲವಾದಂತಾಯಿತು. ಅಮ್ಮನಿಗೆ ಎಲ್ಲ ಹೇಳಿದೆ. ಬಹುಮಾನದ ಸುದ್ದಿಗೆ ಅವಳು ಹಿಗ್ಗುತ್ತಾಳೆ ಎಂದುಕೊಂಡಿದ್ದರೆ, ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

‘ಅಡಗಿ ಮಾಡ್ದಾವ ಅವ. ಉಣ್ಣಾಕತ್ತಾವ ನೀ. ಹೆಸರು ಸುದ್ದಾ ಹೇಳಂಗಿಲ್ಲೇನು?’

‘ಅಲ್ಲಿ ಕಾನೂನು ಹಂಗ ಅದ ಅಮ್ಮಾ.’

‘ನಾಮ್ ಲಿಯೇ ಬಗೈರ್ ಖಾನಾ ನಕ್ಕೋ’ ಎಂದಳು. ಹೆಸರು ಹೇಳದೆ ತಿನ್ನಬೇಡ. ಈ ಒಂದು ಮಾತನ್ನು ಅವಳು ಆಡಿದ ಹಾಗೇ ಬರೆದಿದ್ದೇನೆ. ಅದು ಬೇರೆ ಭಾಷೆಗೆ ಬರಲೊಲ್ಲದು.

ಅದು ಮೊಹರಂ ಸಮಯ. ಅಮ್ಮನ ತವರು ಕುರ್ಡಿಯಲ್ಲಿ ಪೀರಲ ದೇವರು, ಎಂದರೆ ಮೊಹರಂನ ಪಂಜಾಗಳು, ಕೂತಿದ್ದವು. ನಮ್ಮ ಕಡೆ ಈ ದೇವರು ಒಬ್ಬರದಲ್ಲ. ಅದರ ಮುಂದೆ ತೋಡಿದ ಅಲಾಯಿ ಕುಣಿಯ ಬೆಂಕಿಗೆ ಕಟ್ಟಿಗೆ ಹೊರುವವರಲ್ಲಿ ಎಲ್ಲ ಓಣಿಯವರೂ ಇರುತ್ತಾರೆ. ಹರಕೆಯವರು ತಟ್ಟೆಯಲ್ಲಿ ಸಕ್ಕರೆ ತಂದು ಮುಲ್ಲಾರ ಮುಂದೆ ಹಿಡಿಯುತ್ತಾರೆ. ಯಾರ ಹೆಸರಿಗೆ ಎಂದು ಮುಲ್ಲಾ ಕೇಳಿ, ಆ ಹೆಸರಿನಲ್ಲಿ ಪ್ರಾರ್ಥನೆ ಓದುತ್ತಾರೆ. ಇದಕ್ಕೆ ಸಕ್ಕರೆ ಓದಿಸುವುದು ಎನ್ನುತ್ತೇವೆ. ಓದಿಸಿದ ಸಕ್ಕರೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಹಂಚಬೇಕು. ಅಮ್ಮನ ತವರಿನ ಪದ್ಧತಿಯಲ್ಲಿ, ಸತ್ತವರ ಸಕ್ಕರೆಯಾದರೆ ತಿನ್ನುವವರು ಆ ಹೆಸರನ್ನು ಬಾಯಿಂದ ಹೇಳಿಯೇ ತಿನ್ನಬೇಕು.

ನಮ್ಮ ಮುಂದೆ ಹನುಮವ್ವ ನಿಂತಿದ್ದಳು. ಕೂಲಿ ಮಾಡಿ ಬದುಕಿದವಳು, ಅಮ್ಮನ ಬಾಲ್ಯದ ಗೆಳತಿ. ಅವಳ ಮಗ ಭೀಮಣ್ಣ ಎತ್ತು ತೊಳೆಯಲು ಹೋಗಿ ಕಾಲುವೆಯ ಪಾಲಾಗಿದ್ದ. ‘ಯಾರ ಹೆಸರ್ಲೆ ಓದ್ಲಿ ಯವ್ವಾ?’ ಎಂದರು ಮುಲ್ಲಾ.

‘ನಮ್ಮ ಭೀಮಣ್ಣಂದು ಓದ್ರಿ’ ಎಂದವಳು ನನ್ನ ಕಡೆ ತಿರುಗಿದಳು. ‘ಖಾಜಾ, ನಿನ್ನ ಗೆಳ್ಯಾನೂ ನೀರಾಗ ಹೋದ ಅಂತ ನಿಮ್ಮವ್ವ ಹೇಳಿದ್ಳಲ್ಲ. ಏನವನ ಹೆಸರು?’

‘ರುಸ್ತಮ್.’

‘ಹಾಂ, ರುಸ್ತುಮಂದೂ ಓದ್ರಿ ಯಪ್ಪಾ. ಇಬ್ರೂ ನೀರಾಗ ಹೋದ ಮಕ್ಳು, ಒಬ್ರಿಗೊಬ್ರು ಜೊತಿ ಇರ್ಲಿ.’

ಅವನು ನನ್ನ ಗೆಳೆಯನಲ್ಲ, ಅವನ ಮುಖವನ್ನೇ ನಾನು ನೋಡಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಅಮ್ಮಾ ತನ್ನ ತಟ್ಟೆಯ ಸಕ್ಕರೆಯನ್ನೂ ಅದೇ ಹೆಸರಿಗೆ ಓದಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಪೆಟ್ಟಿಗೆಗೆ ಹಾಕಿದಳು. ಅವನನ್ನು ಬಲ್ಲವರಿಗೆಲ್ಲ ಕೊಡಬೇಕು, ಇನಾಮು ಕೈಗೆ ತಗೊಳ್ಳುವ ಮೊದಲೇ ಕೊಡಬೇಕು ಎಂದು ತಾಕೀತು. ‘ಕೂಸು ಹುಟ್ಟೂಕಿಂತ ಮುಂಚೆ ಕುಲಾಯಿ ಹೊಲಿಸ್ಯಾರಂತ’ ಎಂದು ಹನುಮವ್ವ ನಕ್ಕಳು. ‘ಇನಾಮು ಬರ್ಲಿ ತಡಿಯವ್ವಾ!’

ಇನಾಮು ಬಂತು. ಆ ದಿನ ಲೆನಿನ್‌ಗ್ರಾದಿನ ಸಭಾಂಗಣದ ಹೊರಗೆ ಎಲ್ಲರೂ ಗುಂಪುಗುಂಪಾಗಿ ನಿಂತಿದ್ದರು. ನಾನು ಗಂಟು ಬಿಚ್ಚಿದೆ. ಕುರ್ಡಿಯಲ್ಲಿ ಸಕ್ಕರೆ ಹಿಡಿದು ಎದುರು ನಿಂತರೆ ಯಾರೂ ಏನೆಂದು ಕೇಳುವುದಿಲ್ಲ, ಅಂಗೈ ಒಡ್ಡುತ್ತಾರೆ. ಇಲ್ಲಿಯೂ ಹಾಗೇ ಸದ್ದಿಲ್ಲದೆ ಮುಗಿದೀತು ಎಂದು ತಿಳಿದದ್ದು ನನ್ನ ದಡ್ಡತನ. ಯಾವ ಊರಿನಲ್ಲಿ, ಯಾರ ಅಂಗೈಗೆ ನಾನು ಚಿಟಿಕೆ ಸಕ್ಕರೆ ಹಾಕುತ್ತಿದ್ದೇನೆ ಎಂಬುದನ್ನು ಯೋಚಿಸಿರಲೇ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುಸೈನ್ಯ ಈ ಊರನ್ನು ಸುತ್ತುಗಟ್ಟಿ ಕೂತಿದ್ದಾಗ ಜನ ಮನೆಮನೆಗಳಲ್ಲಿ ಹಸಿದು ಸತ್ತಿದ್ದರು. ಆ ಕಥೆ ನನಗೆ ಗೊತ್ತಿತ್ತು, ಪುಸ್ತಕದ ಕಥೆಯಾಗಿ.

ಮೊದಲು ಕೋಟಿನ ಅಜ್ಜಿಯ ಕೈಗೆ ಹಾಕಿದೆ. ‘ಸಕ್ಕರೆ ಅಜ್ಜಿ. ಸತ್ತುಹೋದ ರುಸ್ತಮನದು. ಹೆಸರು ಹೇಳಿ ತಿನ್ನಬೇಕು’ ಎಂದೆ. ಅವಳ ನಗು ನಿಂತಿತು. ಅಂಗೈಯನ್ನೇ ನೋಡಿದಳು. ‘ರುಸ್ತಮ್’ ಎಂದು ನಾಲಿಗೆಯಿಂದ ಮೆಲ್ಲಗೆ ನೆಕ್ಕಿದಳು. ನೀನಾ ಪಾವ್ಲೋವ್ನಾ ಹತ್ತಿರ ಬಂದು, ಇದೇನು ಎಂದು ಕೇಳದೆ ಕೈ ಒಡ್ಡಿದರು. ಒಂದೆರಡು ಹರಳು ನೆಲಕ್ಕೆ ಬಿದ್ದವು. ಆ ಬಿಳಿಗೂದಲಿನ ವಿಜ್ಞಾನಿ ಎಲ್ಲರೆದುರು ನೆಲಕ್ಕೆ ಬಗ್ಗಿ, ಬೆರಳು ಒದ್ದೆ ಮಾಡಿಕೊಂಡು, ಆ ಹರಳುಗಳನ್ನು ಅಂಟಿಸಿಕೊಂಡು ಎದ್ದರು. ‘ರುಸ್ತಮ್’ ಎಂದರು. ಬಾಯಿಗಿಡಲಿಲ್ಲ. ಆಮೇಲೆ ‘ಕೋಲ್ಯಾ’ ಎಂದರು.

‘ಕೋಲ್ಯಾ ಯಾರು?’ ಎಂದೆ.

‘ನನ್ನ ತಮ್ಮ. ಆ ಚಳಿಗಾಲದಲ್ಲಿ ಸಕ್ಕರೆ ಕೇಳುತ್ತಿದ್ದ.’

ಅವರನ್ನು ಕಲ್ಲೆದೆಯವಳೆಂದುಕೊಂಡಿದ್ದ ನಾನು ಅವರ ಅಂಗೈಗೆ ಇನ್ನೊಂದು ಚಿಟಿಕೆ ಸಕ್ಕರೆ ಹಾಕಿದೆ. ಅಲ್ಲಿದ್ದ ವಯಸ್ಸಾದವರೆಲ್ಲ ಒಬ್ಬೊಬ್ಬರಾಗಿ ಬಂದು ಕೈ ಒಡ್ಡಿದರು. ರುಸ್ತಮನ ಹೆಸರು ಹೇಳಿದರು, ಅದರ ಹಿಂದೆ ತಮ್ಮ ತಮ್ಮ ಮನೆಯ ಸತ್ತವರ ಹೆಸರುಗಳನ್ನು. ತಾನ್ಯಾ, ಅಪ್ಪ, ಲ್ಯೂಬಾ. ಸಮಿತಿಯ ಅಧ್ಯಕ್ಷರಾದ ಮುದುಕರು ನಾಲ್ಕಾರು ಹೆಸರು ಹೇಳಿ ನಡುವೆ ನಿಲ್ಲಿಸಿಬಿಟ್ಟರು. ಸಭೆ ತಡವಾಗಿ ಶುರುವಾಯಿತು.

ನನ್ನ ಹೆಸರು ಕೂಗಿದರು. ನಾನು ಎದ್ದು ನಿಂತೆ, ಹೆಜ್ಜೆ ಮುಂದೆ ಬರಲಿಲ್ಲ. ಕೂತಲ್ಲಿಂದಲೇ ನೀನಾ ಪಾವ್ಲೋವ್ನಾ ಹೇಳಿದರು: ‘ಸ್ಲೀತಕ್ ಮಾಡಿದವನು ರುಸ್ತಮ್. ಅವನ ಹೆಸರನ್ನೂ ಓದಿ.’ ಅಧ್ಯಕ್ಷರು ಕೈಯಲ್ಲಿದ್ದ ಕಾಗದ ನೋಡಿದರು. ಅದರಲ್ಲಿ ಆ ಹೆಸರಿರಲಿಲ್ಲ. ಕಾಗದ ಕೆಳಗಿಟ್ಟು, ತಲೆಯೆತ್ತಿ, ದೊಡ್ಡ ದನಿಯಲ್ಲಿ ರುಸ್ತಮನ ಹೆಸರು ಕೂಗಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಎದ್ದು ನಿಂತರು. ಹಿಂದಿನ ಸಾಲಿನಲ್ಲಿ ಅನ್ವರ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ. ರಜೆ ಬಂದ ಕೂಡಲೇ ಊರಿಗೆ ಹೋಗಿ ಆ ತಾಯಿಗೆ ಹೇಳಿದನಂತೆ. ಯಾರು ಕೂಗಿದರು, ಹೇಗೆ ಕೂಗಿದರು, ಎಷ್ಟು ಜನ ನಿಂತರು ಎಂದು ಅವಳು ಮತ್ತೆ ಮತ್ತೆ ಹೇಳಿಸಿಕೊಂಡಳಂತೆ.

ಆಮೇಲೆ ರುಸ್ತಮ್ ನನ್ನ ಕನಸಿಗೆ ಬರಲಿಲ್ಲ. ಕುಲುಮೆಯ ಮುಂದೆ ಬೆನ್ನ ಹಿಂದೆ ಯಾರೂ ನಿಲ್ಲಲಿಲ್ಲ. ಪೀಡೆ ಕಳೆಯಿತು ಎಂದು ಸಂತೋಷಪಡಬೇಕಿತ್ತು. ಆದರೆ ನನಗೆ ಅಳು ಬಂತು. ಆ ಊರಿನಲ್ಲಿ ಇಷ್ಟು ದಿನ ನನ್ನ ಜೊತೆಗಿದ್ದವನು ಅವನೇ ಎಂದು ಅವನು ಹೋದ ಮೇಲೆ ತಿಳಿಯಿತು. ಓದು ಮುಗಿದರೂ ನಾನು ಹಿಂತಿರುಗಲಿಲ್ಲ, ಅದೇ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಉಳಿದೆ. ಕರಿ ಬ್ರೆಡ್ಡಿಲ್ಲದೆ ಈಗ ಊಟ ಸೇರುವುದಿಲ್ಲ. ಚಳಿಯಲ್ಲಿ ಕೆಂಪಾದ ನನ್ನ ಮುಖ ನೋಡಿ, ಮಾನ್ವಿಯ ಬಜಾರಿನಲ್ಲಿ ಅಬ್ಬಾನ ಹಳೆಯ ಗಿರಾಕಿಗಳೇ ಗುರುತು ಹಿಡಿಯಲು ತಡಮಾಡುತ್ತಾರೆ.

ಹೋದ ಸಲ ಊರಿಗೆ ಹೋದಾಗ ಮತ್ತೆ ಮೊಹರಂ. ಕುರ್ಡಿಯಲ್ಲಿ ಅಮ್ಮಾ, ಹನುಮವ್ವ ಹಿಂದೆಲ್ಲೋ ಗುಂಪಿನಲ್ಲಿ ಉಳಿದಿದ್ದರು. ಆ ಊರಿಗೆ ಹೊಸದಾಗಿ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ತಟ್ಟೆ ಹಿಡಿದು ಹಂಚುತ್ತ ನನ್ನೆದುರು ನಿಂತಳು.

‘ತಗೋರಿ, ಭೀಮಣ್ಣ ರುಸ್ತುಮನ ಸಕ್ರಿ. ಹೆಸರು ಹೇಳಿ ತಿನ್ರಿ.’

ನನಗೆ ತಡೆಯಲಾಗಲಿಲ್ಲ. ‘ರುಸ್ತುಂ ಯಾರವ್ವಾ?’ ಎಂದೆ.

‘ನಮ್ಮೂರಾವ್ನ ರೀ’ ಎಂದಳು, ಅಷ್ಟೂ ತಿಳಿಯದೇ ಎನ್ನುವಂತೆ. ‘ಭೀಮಣ್ಣನ ಜೊತಿ ನೀರಾಗ ಹೋದಾವ.’ ನನ್ನ ಕೋಟು, ಬೂಟು, ಮುಖಗಳನ್ನೊಮ್ಮೆ ನೋಡಿ ಮರ್ಯಾದೆಯಿಂದ ಕೇಳಿದಳು: ‘ನೀವು ಯಾವೂರವ್ರು ರೀ?’

ಹೇಳಲು ಬಾಯಿ ತೆರೆದೆ. ಊರಿನ ಹೆಸರು ಬರಲಿಲ್ಲ. ಕೈ ಒಡ್ಡಿದೆ.